ಕಾರು ಕಡಿಯುವ ಕಾಡುಪ್ರಾಣಿಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಸಿಯೆರಾ ನೆವಾಡ ಎಂಬ ಪರ್ವತಶ್ರೇಣಿಯಿದೆ. ಅದರ ಮಡಿಲಲ್ಲಿ ಸಮುದ್ರಮಟ್ಟದಿಂದ ಸುಮಾರು ೨,೩೦೦ ಮೀಟರು ಎತ್ತರದಲ್ಲಿ, ಎಂದರೆ ನಮ್ಮ ಮುಳ್ಳಯ್ಯನಗಿರಿಯ ಶಿಖರಕ್ಕಿಂತಲೂ ಮೇಲೆ, ಮಿನೆರಲ್ ಕಿಂಗ್ ಎಂಬ ಒಂದು ಕಣಿವೆಯುಂಟು. ೧೯೭೮ರಲ್ಲಿ ಇದು ಸಿಕ್ವಾಯ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಕೆಳಗಿನ ಊರಿನಿಂದ ಇಲ್ಲಿಗೆ ಬರಬೇಕಾದರೆ ಸುಮಾರು ೪೦ ಕಿಲೋಮೀಟರು ದೂರದ, ಏಳುನೂರರಷ್ಟು ತಿರುವುಗಳುಳ್ಳ ಕಿರಿದಾದ ದಾರಿಯನ್ನು ಏರಬೇಕು. ದಾರಿ ಮುಗಿದಲ್ಲಿ ಕಾರುಗಳನ್ನು ನಿಲ್ಲಿಸುವ ಬಯಲಿದೆ. ಅಲ್ಲಿಂದ ಮುಂದೆ ಕಾಲ್ನಡಿಗೆಯೇ ಗತಿ.

ಬೇಸಗೆಯ ಮೊದಲಲ್ಲಿ ಆ ಬಯಲಿಗೆ ಹೋದವರಿಗೆ ಒಂದು ವಿಚಿತ್ರ ದೃಶ್ಯ ಕಾಣಬರುತ್ತದೆ. ಅಲ್ಲಿ ನಿಂತ ಕಾರುಗಳಿಗೆ ಪಂಚೆ ಉಡಿಸಿದಂತೆ ಟಾರ್ಪಾಲು ಸುತ್ತಿರುತ್ತಾರೆ. ಚಕ್ರಗಳು ಕಾಣುವುದಿಲ್ಲ, ಹೊಟ್ಟೆ ಕಾಣುವುದಿಲ್ಲ, ಸುತ್ತಲೂ ಹಗ್ಗದ ಬಿಗಿತ. ತಲೆಯ ಭಾಗ ಮಾತ್ರ ಬಯಲಾಗಿರುತ್ತದೆ. ಮಳೆಯ ಭಯವಿದ್ದರೆ ಮೇಲುಭಾಗವನ್ನಲ್ಲವೆ ಮುಚ್ಚಬೇಕು? ಕಳ್ಳರ ಭಯವಿದ್ದರೆ ಬಾಗಿಲಿಗೆ ಬೀಗ ಸಾಲದೆ? ಇಷ್ಟೆಲ್ಲ ಏರ್ಪಾಟು ನಡೆದಿರುವುದು ಮೂರು ನಾಲ್ಕು ಕಿಲೋ ತೂಗುವ, ಹುಲ್ಲು ತಿಂದು ಬದುಕುವ ಒಂದು ಸಾಧು ಪ್ರಾಣಿಗೆ ಹೆದರಿ! ಅದರ ಹೆಸರು ಮಾರ್ಮೊಟ್.

ಹುಲ್ಲು ತಿನ್ನುವ ಪ್ರಾಣಿ ಕಾರನ್ನೇಕೆ ಕಡಿಯಬೇಕು? ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆತಲ್ಲದೆ ಕಾರನ್ನು ಕಾಯುವ ಸರಿಯಾದ ಉಪಾಯವೂ ದೊರೆಯದು. ಆದುದರಿಂದ ನಾವು ಮೊದಲು ಕಡಿಯುವ ಪ್ರಾಣಿಯ ಪರಿಚಯ ಮಾಡಿಕೊಂಡು, ಆಮೇಲೆ ಕಾರಿನ ಕಡೆಗೆ ಬರೋಣ.

ಇಬ್ಬರು ಆಪಾದಿತರು

ಮಾರ್ಮೊಟ್ ಅಳಿಲಿನ ಕುಟುಂಬಕ್ಕೆ ಸೇರಿದ ದಂಶಕ ಪ್ರಾಣಿ. ಗಾತ್ರದಲ್ಲಿ ಬೆಕ್ಕಿನಷ್ಟು, ಮೈ ಕಂದು, ಹೊಟ್ಟೆ ಹಳದಿ. ಬಂಡೆಗಳ ನಡುವೆ ಬಿಲ ತೋಡಿಕೊಂಡು ಗುಂಪುಗುಂಪಾಗಿ ಬಾಳುತ್ತದೆ. ಅಪಾಯ ಕಂಡರೆ ಸಿಳ್ಳು ಹಾಕಿ ಬಳಗವನ್ನು ಎಚ್ಚರಿಸುತ್ತದೆ. ವರ್ಷದ ಸುಮಾರು ಎಂಟು ತಿಂಗಳನ್ನು ಇದು ಬಿಲದೊಳಗೆ ಶಿಶಿರನಿದ್ರೆಯಲ್ಲಿ ಕಳೆಯುತ್ತದೆ. ಆಗ ಮೈಯ ಉಷ್ಣತೆ ೫ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಇಳಿಯುತ್ತದೆ. ನಿಮಿಷಕ್ಕೆ ನೂರೆಂಬತ್ತರಷ್ಟು ಬಡಿಯುತ್ತಿದ್ದ ಹೃದಯ ಮೂವತ್ತರ ಸುಮಾರಿಗೆ ಬಂದು ನಿಲ್ಲುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹಿಮ ಕರಗತೊಡಗಿದಾಗ ಕೊಬ್ಬು ಕರಗಿದ ಬಡಕಲು ಮೈಯೊಡನೆ ಅದು ಹೊರಬರುತ್ತದೆ. ಮಿನೆರಲ್ ಕಿಂಗ್‌ನಲ್ಲಿ ಕಾರುಗಳಿಗೆ ಕಂಟಕ ಒದಗುವುದು ಆಗಿನಿಂದ ಜುಲೈ ನಡುವಿನವರೆಗೆ. ಮಾರ್ಮೊಟ್ ಕಾರಿನ ಅಡಿಯಿಂದ ಎಂಜಿನ್ನಿನ ಗೂಡಿಗೆ ಏರಿ, ರೇಡಿಯೇಟರಿನ ರಬ್ಬರು ಕೊಳವೆಗಳನ್ನೂ ವಿದ್ಯುತ್ತಿನ ತಂತಿಗಳ ಹೊದಿಕೆಯನ್ನೂ ಕಡಿದುಹಾಕುತ್ತದೆ.

ಎರಡನೆಯ ಆಪಾದಿತನನ್ನು ಕಾಣಲು ಇನ್ನೂ ಉತ್ತರಕ್ಕೆ, ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯ ಪ್ರಾಂತಕ್ಕೆ, ಹೋಗಬೇಕು. ಅಲ್ಲಿನ ಬುಗಬೂ ಪ್ರಾಂತೀಯ ಉದ್ಯಾನ ಕಡಿದಾದ ಕಗ್ಗಲ್ಲಿನ ಶಿಖರಗಳಿಗೆ ಹೆಸರಾದುದು. ಹೆದ್ದಾರಿಯಿಂದ ನಲವತ್ತು ಕಿಲೋಮೀಟರಿಗೂ ಮಿಕ್ಕು ಕಾಡಿನ ಕಚ್ಚಾರಸ್ತೆಯಲ್ಲಿ ಸಾಗಿದರೆ ಕಾರು ನಿಲ್ಲಿಸುವ ಸ್ಥಳ ಬರುತ್ತದೆ. ಇಲ್ಲಿ ಟಾರ್ಪಾಲು ಇಲ್ಲ. ಕೋಳಿಗೂಡಿಗೆ ಹೊಡೆಯುವ ತಂತಿಬಲೆಯನ್ನು ಕಾರಿನ ಸುತ್ತ ಬೇಲಿಯಂತೆ ನಿಲ್ಲಿಸಿ, ಬುಡಕ್ಕೆ ಕಲ್ಲು ಹೇರಿ, ಕೋಲಿನ ಆಸರೆ ಕೊಟ್ಟಿರುತ್ತಾರೆ. ಈ ಬಲೆ, ಕಲ್ಲು, ಕೋಲುಗಳು ಪ್ರವಾಸಿಗಳ ಉಪಯೋಗಕ್ಕೆಂದು ಅಲ್ಲಿಯೇ ದೊರೆಯುತ್ತವೆ. ಇದು ಮುಳ್ಳುಹಂದಿಯ ವಿರುದ್ಧ ಕಟ್ಟಿದ ಕೋಟೆ. ಆ ಖಂಡದ ಮುಳ್ಳುಹಂದಿ ನಮ್ಮ ಕಾಡಿನದರಂತೆ ಬಿಲ ತೋಡುವ ಜಾತಿಯಲ್ಲ. ಮರವೇರಿ ತೊಗಟೆ ತಿನ್ನುವ ಬೇರೆ ಕುಟುಂಬದ ಪ್ರಾಣಿ. ಅದರ ಮೈಮೇಲೆ ಸುಮಾರು ೩೦,೦೦೦ ಮುಳ್ಳುಗಳಿರುತ್ತವೆ. ಇಂಥ ರಕ್ಷೆಯುಳ್ಳ ಪ್ರಾಣಿಗೆ ಅವಸರವೂ ಇಲ್ಲ, ಅಂಜಿಕೆಯೂ ಇಲ್ಲ. ರಾತ್ರಿಯ ಹೊತ್ತು ನಿಧಾನವಾಗಿ ಬಂದು, ಕಾರಿನ ಟೈರುಗಳನ್ನೂ ಬ್ರೇಕಿನ ಕೊಳವೆಗಳನ್ನೂ ಜಗಿಯುತ್ತದೆ.

ಹಲ್ಲೆಂಬ ಉಳಿ

ಇವೆರಡೂ ದಂಶಕಗಳು. ಇಲಿ, ಹೆಗ್ಗಣ, ಅಳಿಲುಗಳೂ ಇದೇ ವರ್ಗದವು. ಇವುಗಳಿಗೆ ಮೇಲೆರಡು ಕೆಳಗೆರಡು ಬಾಚಿಹಲ್ಲುಗಳಿರುತ್ತವೆ. ನಮ್ಮ ಹಲ್ಲು ಒಮ್ಮೆ ಬೆಳೆದು ನಿಂತರೆ ಮುಗಿಯಿತು; ದಂಶಕಗಳ ಬಾಚಿಹಲ್ಲು ಜೀವವಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದರ ಮುಂಭಾಗಕ್ಕೆ ಮಾತ್ರ ಗಟ್ಟಿಯಾದ ಎನಾಮೆಲಿನ ಲೇಪ. ಹಿಂಭಾಗ ಅದಕ್ಕಿಂತ ಮೆತ್ತನೆಯ ದಂತದ್ರವ್ಯ. ಕಡಿಯುತ್ತ ಹೋದಂತೆ ಹಿಂಭಾಗ ಬೇಗನೆ ಸವೆದು, ಮುಂಭಾಗ ಅಂಚಾಗಿ ಉಳಿಯುತ್ತದೆ. ಬಡಗಿ ತನ್ನ ಉಳಿಯನ್ನು ಆಗಾಗ ಸಾಣೆಗೆ ಹಿಡಿಯಬೇಕು. ಈ ಉಳಿ ಕೆಲಸ ಮಾಡುವುದರಿಂದಲೇ ಹರಿತವಾಗುತ್ತದೆ.

ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಅತಿ ಮೃದುವಾದ ಟಾಲ್ಕಿಗೆ ೧, ವಜ್ರಕ್ಕೆ ೧೦ ಅಂಕಗಳು. ಹಲ್ಲಿನ ಎನಾಮೆಲ್ ಸುಮಾರು ೫. ತಾಮ್ರ ಸುಮಾರು ೩. ತಾಮ್ರದ ತಂತಿಗೇ ಈ ಗತಿಯಾದರೆ, ರಬ್ಬರು ಮತ್ತು ಪ್ಲಾಸ್ಟಿಕ್ಕುಗಳ ಮಾತೇನು?

ಆದರೆ ಹಲ್ಲು ಸಾಧನ ಮಾತ್ರ, ಅದೇ ಕಾರಣವಲ್ಲ. ಹಲ್ಲನ್ನು ಸವೆಸಲು ಬೆಟ್ಟದ ಮೇಲೆ ಕಲ್ಲು, ಮರ, ಬೇರು ಬೇಕಾದಷ್ಟಿವೆ. ಅವನ್ನೆಲ್ಲ ಬಿಟ್ಟು ಅಪರಿಚಿತವಾದ, ಎಣ್ಣೆ ವಾಸನೆಯ ಯಂತ್ರದೊಳಗೆ ತಲೆಹಾಕುವಂತೆ ಪ್ರೇರಿಸುವುದು ಏನು?

ಉಪ್ಪಿನ ಹಸಿವು

ಇದಕ್ಕೆ ಪ್ರಾಣಿಶಾಸ್ತ್ರಜ್ಞರು ಕೊಡುವ ಮುಖ್ಯ ಕಾರಣವನ್ನು ನಮ್ಮ ರೈತರು ಬೇರೆ ರೀತಿಯಲ್ಲಿ ಬಲ್ಲರು. ಹಸುವಿನ ಕಲಗಚ್ಚಿಗೆ ಒಂದು ಹಿಡಿ ಉಪ್ಪು ಹಾಕುವುದು ಹಳ್ಳಿಯ ವಾಡಿಕೆ. ಬೆವರಿದ ಕೈ ಸಿಕ್ಕರೆ ಕರು ಅದನ್ನು ನೆಕ್ಕುವುದನ್ನು ನಾವು ನೋಡಿದ್ದೇವೆ. ಸಸ್ಯಾಹಾರಿ ಪ್ರಾಣಿಗಳಿಗೆ ಉಪ್ಪಿನ ಕೊರತೆ ಸಹಜವಾಗಿಯೇ ಇದೆ.

ಉಪ್ಪಿನಲ್ಲಿರುವ ಸೋಡಿಯಂ ಪ್ರಾಣಿಗಳಿಗೆ ಅನಿವಾರ್ಯ. ನರಗಳಲ್ಲಿ ಸಂದೇಶ ಹರಿಯುವುದಕ್ಕೂ, ರಕ್ತವೇ ಮೊದಲಾದ ದ್ರವಗಳ ಪ್ರಮಾಣ ಸರಿಯಾಗಿರುವುದಕ್ಕೂ ಅದು ಬೇಕು. ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು ೧೦೦ ಗ್ರಾಂ ಸೋಡಿಯಂ ಇರುತ್ತದೆ. ಆದರೆ ಬಹುಪಾಲು ಗಿಡಗಳಿಗೆ ಸೋಡಿಯಂ ಬೇಡ. ಅವಕ್ಕೆ ಬೇಕಾದುದು ಪೊಟ್ಯಾಸಿಯಂ. ಆದುದರಿಂದ ಸೊಪ್ಪು ತಿನ್ನುವ ಪ್ರಾಣಿಗೆ ಪೊಟ್ಯಾಸಿಯಂ ಹೇರಳ, ಸೋಡಿಯಂ ವಿರಳ. ಮಾಂಸಾಹಾರಿಗೆ ಈ ತೊಂದರೆಯಿಲ್ಲ. ಅದು ತಿನ್ನುವ ರಕ್ತಮಾಂಸಗಳಲ್ಲಿಯೇ ಸೋಡಿಯಂ ಉಂಟು.

ಬೆಟ್ಟದ ಮೇಲೆ ಈ ಕೊರತೆ ಇನ್ನೂ ಹೆಚ್ಚು. ಮಳೆಯೊಡನೆ ಬರುವ ಉಪ್ಪಿನ ಅಂಶ ಕಡಲಿನಿಂದ ದೂರ ಹೋದಂತೆ ಕಡಮೆಯಾಗುತ್ತದೆ. ಇದ್ದ ಅಲ್ಪಸ್ವಲ್ಪವನ್ನೂ ಕರಗಿದ ಹಿಮದ ನೀರು ಕಣಿವೆಗೆ ಕೊಚ್ಚಿಕೊಂಡು ಹೋಗುತ್ತದೆ. ವಸಂತದ ಎಳೆಚಿಗುರಿನಲ್ಲಿ ಪೊಟ್ಯಾಸಿಯಂ ಅಧಿಕ. ಆ ಹೆಚ್ಚುವರಿಯನ್ನು ಮೂತ್ರಪಿಂಡಗಳು ಹೊರಹಾಕುವಾಗ ಅದರ ಜೊತೆಗೆ ಸೋಡಿಯವೂ ಸೋರಿಹೋಗುತ್ತದೆ. ಕಾರುಗಳಿಗೆ ಕಂಟಕ ಬರುವುದು ವಸಂತದಲ್ಲಿ, ಬೇಸಗೆಯ ಮೊದಲಲ್ಲಿ ಎಂದು ಮೇಲೆ ಹೇಳಿದೆವಷ್ಟೆ. ಕಾಲವೂ ಕಾರಣವೂ ಹೀಗೆ ಒಂದಕ್ಕೊಂದು ಹೊಂದುತ್ತವೆ.

ಪ್ರಾಣಿಗೆ ತನ್ನ ಕೊರತೆ ಹೇಗೆ ತಿಳಿಯುತ್ತದೆಂದು ವಾಚಕರು ಕೇಳಬಹುದು. ೧೯೩೬ರಲ್ಲಿ ಅಮೆರಿಕದ ಕರ್ಟ್ ರಿಕ್ಟರ್ ಇಲಿಗಳ ಮೇಲೆ ಒಂದು ಪ್ರಯೋಗವನ್ನು ಪ್ರಕಟಿಸಿದನು. ದೇಹದಲ್ಲಿ ಸೋಡಿಯಂ ಉಳಿಯಬೇಕಾದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಬೇಕು. ಆ ಗ್ರಂಥಿಯನ್ನು ತೆಗೆದ ಇಲಿಗಳು ಸಾಧಾರಣ ಆಹಾರವನ್ನು ತಿಂದುಕೊಂಡಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತವೆ. ಆದರೆ ಉಪ್ಪುನೀರನ್ನೂ ಸಿಹಿನೀರನ್ನೂ ಎದುರಿಗಿಟ್ಟಾಗ ಅವು ಉಪ್ಪುನೀರನ್ನು ಹೆಚ್ಚಾಗಿ ಕುಡಿದು ಬದುಕಿಕೊಂಡವು. ಯಾರೂ ಅವಕ್ಕೆ ವೈದ್ಯ ಹೇಳಿರಲಿಲ್ಲ, ನಾಲಗೆಯೇ ವೈದ್ಯನಾಯಿತು.

ಬೆಟ್ಟದ ಪ್ರಾಣಿಗಳಿಗೂ ಇದು ಸಲ್ಲುತ್ತದೆಂಬುದಕ್ಕೆ ೧೯೬೮ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಸಾಕ್ಷಿ. ಡೆರೆಕ್ ಡೆಂಟನ್ ಮತ್ತು ಅವನ ಸಂಗಡಿಗರು ಆಸ್ಟ್ರೇಲಿಯದ ಹಿಮಾವೃತ ಪರ್ವತಗಳಲ್ಲಿ ಮರದ ಗೂಟಗಳನ್ನು ಬೇರೆ ಬೇರೆ ಲವಣಗಳಲ್ಲಿ ನೆನೆಸಿ ನೆಟ್ಟರು. ಅಲ್ಲಿನ ಕಾಡುಮೊಲಗಳು ಸೋಡಿಯಂ ಲವಣದಲ್ಲಿ ನೆನೆದ ಗೂಟಗಳನ್ನು ಹುಡುಕಿ ಕಡಿದವು; ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳ ಗೂಟಗಳನ್ನೂ ಬರಿಯ ಗೂಟಗಳನ್ನೂ ಅಷ್ಟಾಗಿ ಮುಟ್ಟಲಿಲ್ಲ. ಮೊಲಕ್ಕೆ ಬೇಕಾಗಿದ್ದುದು ಮರವಲ್ಲ, ಮರದೊಳಗಿನ ಉಪ್ಪು. ನ್ಯೂಯಾರ್ಕ್ ಪ್ರಾಂತದ ಕ್ಯಾಟ್ಸ್‌ಕಿಲ್ ಬೆಟ್ಟಗಳಲ್ಲಿ ಮುಳ್ಳುಹಂದಿಗಳ ಹಿಂದೆ ಹಲವು ವರ್ಷ ಅಲೆದ ಉಲ್ಡಿಸ್ ರೋಜ್ ಎಂಬ ವಿದ್ವಾಂಸನೂ ಇದೇ ಉಪ್ಪಿನ ಹಸಿವನ್ನು ವಿಸ್ತಾರವಾಗಿ ವಿವರಿಸಿದ್ದಾನೆ. ಕೊಡಲಿಯ ಕಾವು, ದೋಣಿಯ ಹುಟ್ಟು, ಗುಡಿಸಲಿನ ಪ್ಲೈವುಡ್ಡಿನ ಗೋಡೆ ಇವನ್ನೆಲ್ಲ ಮುಳ್ಳುಹಂದಿ ಕಡಿಯುವುದಕ್ಕೆ ಅದೇ ಕಾರಣ. ಕಾವಿನಲ್ಲಿಯೂ ಹುಟ್ಟಿನಲ್ಲಿಯೂ ಮನುಷ್ಯನ ಬೆವರು ಇಂಗಿರುತ್ತದೆ.

ಈಗ ಕಾರನ್ನು ನೋಡಿರಿ. ಚಳಿದೇಶಗಳಲ್ಲಿ ರಸ್ತೆಯ ಮೇಲಿನ ಹಿಮ ಕರಗಲೆಂದು ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ಚಕ್ರದಿಂದ ಸಿಡಿದು ಕಾರಿನ ಅಡಿಭಾಗಕ್ಕೆ ಅಂಟುತ್ತದೆ. ಮನುಷ್ಯನ ಕಣ್ಣಿಗೆ ಕಾರು ವಾಹನ. ಬೆಟ್ಟದ ಮೇಲಿನ ಹಸಿದ ದಂಶಕಕ್ಕೆ ಅದು ನಾಲ್ಕು ಚಕ್ರಗಳ ಉಪ್ಪಿನ ಗಡ್ಡೆ!

ಹಲ್ಲು ತಗುಲಿದರೆ ಏನಾಗುತ್ತದೆ?

ಕಾರಿನ ಎಂಜಿನ್ನು ಸುಡುವ ಇಂಧನದ ಶಾಖದಲ್ಲಿ ದೊಡ್ಡ ಪಾಲು ವ್ಯರ್ಥವಾಗುವಂಥದು. ಅದನ್ನು ಹೊರಗೆ ಸಾಗಿಸಲು ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ರಬ್ಬರು ಕೊಳವೆಗಳಲ್ಲಿ ದ್ರವವೊಂದು ಸುತ್ತುತ್ತಿರುತ್ತದೆ. ಕೊಳವೆಯಲ್ಲಿ ತೂತಾದರೆ ದ್ರವ ಸೋರಿ, ಕೆಲವೇ ಕಿಲೋಮೀಟರಿನಲ್ಲಿ ಎಂಜಿನ್ನು ಕಾದು ಕೆಡುತ್ತದೆ. ಆ ದ್ರವವು ನೀರು ಮತ್ತು ಎಥಿಲೀನ್ ಗ್ಲೈಕಾಲ್ ಎಂಬ ವಸ್ತುವಿನ ಮಿಶ್ರಣವಾಗಿರುವುದೇ ಹೆಚ್ಚು. ಗ್ಲೈಕಾಲಿನ ರುಚಿ ಸಿಹಿ, ಗುಣ ವಿಷ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಕ್ಯಾಲ್ಸಿಯಮ್ಮಿನೊಡನೆ ಹರಳುಗಟ್ಟಿ ಮೂತ್ರಪಿಂಡಗಳನ್ನು ಹಾಳುಗೆಡಹುತ್ತದೆ. ನೆಲದ ಮೇಲೆ ಚೆಲ್ಲಿದ ಅದನ್ನು ನೆಕ್ಕಿದ ನಾಯಿಬೆಕ್ಕುಗಳು ಸಾಯುವುದುಂಟು.

ಬ್ರೇಕಿನ ಕೊಳವೆ ಇನ್ನೂ ಅಪಾಯದ ಜಾಗ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ. ಒಂದೆಡೆ ಕೊಟ್ಟ ಒತ್ತಡ ಎಲ್ಲೆಡೆಗೂ ಹರಡುತ್ತದೆ. ಪ್ಯಾಸ್ಕಲ್ ನಿಯಮವೆಂದು ವಿದ್ಯಾರ್ಥಿಗಳು ಓದಿರುವ ಈ ತತ್ತ್ವದಿಂದಲೇ ಕಾಲಿನ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ. ಕೊಳವೆ ಹರಿದಿದ್ದರೆ ಒತ್ತಡ ಚಕ್ರವನ್ನು ಸೇರುವ ಬದಲು ದ್ರವವನ್ನು ಹೊರಕ್ಕೆ ಚಿಮ್ಮಿಸುತ್ತದೆ. ಇಂದಿನ ಕಾರುಗಳಲ್ಲಿ ಎರಡು ಪ್ರತ್ಯೇಕ ಮಾರ್ಗಗಳಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಆದರೂ ಹಿಡಿತ ಬಹಳ ಕುಗ್ಗುತ್ತದೆ. ನಿಂತ ಕಾರಿನಲ್ಲಿ ಈ ಕೇಡು ಕಾಣದು. ಅದು ತಿಳಿದುಬರುವುದು ಏಳುನೂರು ತಿರುವುಗಳ ಇಳಿಜಾರಿನಲ್ಲಿ, ಬ್ರೇಕು ಒತ್ತಿದಾಗ. ಟಾರ್ಪಾಲು ಸುತ್ತುವವರನ್ನು ನೋಡಿ ನಗುವವರು ಇದನ್ನು ನೆನೆಯಬೇಕು.

ಉಪಾಯಗಳು

ಕಾರಣ ತಿಳಿದ ಮೇಲೆ ಉಪಾಯಗಳ ಬೆಲೆ ಕಟ್ಟುವುದು ಸುಲಭ.

ಮೊದಲನೆಯದು ಅಡ್ಡಗೋಡೆ. ಮಿನೆರಲ್ ಕಿಂಗ್‌ನಲ್ಲಿಯೂ ಹಿಂದೆ ತಂತಿಬಲೆಯನ್ನೇ ಕಟ್ಟುತ್ತಿದ್ದರು. ಆದರೆ ಬಲೆಯ ಬುಡದಲ್ಲಿ ನುಸುಳುವುದನ್ನು ಬಿಲವಾಸಿಯಾದ ಮಾರ್ಮೊಟ್ ಕಲಿತುಕೊಂಡಿತು. ಆದುದರಿಂದ ಈಗ ದೊಡ್ಡ ಟಾರ್ಪಾಲನ್ನು ನೆಲಕ್ಕೆ ಹಾಸಿ, ಅದರ ಮೇಲೆ ಕಾರನ್ನು ನಡೆಸಿ ನಿಲ್ಲಿಸಿ, ನಾಲ್ಕು ಅಂಚುಗಳನ್ನೂ ಮೇಲೆತ್ತಿ ಹಗ್ಗದಿಂದ ಬಿಗಿಯುತ್ತಾರೆ. ಅಡಿಯಿಂದ ಏರುವ ದಾರಿಯೇ ಮುಚ್ಚಿಹೋಗುತ್ತದೆ. ಬುಗಬೂವಿನ ಮುಳ್ಳುಹಂದಿಗೆ ಕಲ್ಲು ಹೇರಿದ ಬಲೆಯೇ ಸಾಕು. ಶತ್ರು ಬೇರೆಯಾದರೆ ಕೋಟೆಯೂ ಬೇರೆ.

ಎರಡನೆಯದು ಶುಚಿತ್ವ. ಬೆಟ್ಟಕ್ಕೆ ಹೊರಡುವ ಮುನ್ನ ಕಾರಿನ ಅಡಿಭಾಗವನ್ನು ತೊಳೆದು ರಸ್ತೆಯ ಉಪ್ಪನ್ನು ಕಳೆದರೆ ಆಕರ್ಷಣೆ ತಗ್ಗುತ್ತದೆ. ಬೆವರಿದ ಚೀಲ, ಪಾದರಕ್ಷೆ, ಊರುಗೋಲುಗಳನ್ನು ಹೊರಗೆ ಬಿಡದಿರುವುದೂ ಇದಕ್ಕೆ ಸೇರಿದೆ.

ಮೂರನೆಯದು ಖಾರ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ವಸ್ತುವನ್ನು ಸೇರಿಸಿದ ಅಂಟುಪಟ್ಟಿಯನ್ನು ತಂತಿಗಳಿಗೆ ಸುತ್ತುವುದುಂಟು. ಸುಡುವ ನೋವನ್ನು ಸ್ತನಿಗಳ ನರಕ್ಕೆ ತಿಳಿಸುವ ಗ್ರಾಹಕವನ್ನೇ ಕ್ಯಾಪ್ಸೈಸಿನ್ ಕೆಣಕುತ್ತದೆ. ಡೇವಿಡ್ ಜೂಲಿಯಸ್ ೧೯೯೭ರಲ್ಲಿ ಈ ಗ್ರಾಹಕವನ್ನು ಗುರುತಿಸಿದನು. ಇಂಥ ಸಂಶೋಧನೆಗಾಗಿ ೨೦೨೧ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದನು. ಪಟ್ಟಿ ಸುತ್ತಿದಷ್ಟು ಜಾಗಕ್ಕೆ ಮಾತ್ರ ಇದರ ರಕ್ಷಣೆ ಎಂಬುದನ್ನು ಮರೆಯಲಾಗದು.

ಕಾರಣವನ್ನು ತಪ್ಪಾಗಿ ತಿಳಿದರೆ ಉಪಾಯವೂ ಕೆಡುತ್ತದೆ ಎಂಬುದಕ್ಕೆ ಯೂರೋಪಿನ ಕಲ್ಲುಮಾರ್ಟೆನ್ ಒಳ್ಳೆಯ ನಿದರ್ಶನ. ನಮ್ಮ ಪಶ್ಚಿಮಘಟ್ಟಗಳ ನೀಲಗಿರಿ ಮಾರ್ಟೆನ್ನಿನ ಬಂಧುವಾದ ಇದು ದಂಶಕವಲ್ಲ, ಮಾಂಸಾಹಾರಿ. ಉಪ್ಪಿನ ಹಸಿವು ಇದಕ್ಕಿಲ್ಲ. ಆದರೂ ಜರ್ಮನಿ, ಸ್ವಿಟ್ಜರ್ಲೆಂಡುಗಳಲ್ಲಿ ಇದು ಕಾರುಗಳ ತಂತಿ, ಕೊಳವೆಗಳನ್ನು ಕಡಿಯುತ್ತದೆ. ಇಲ್ಲಿ ಕಾರಣ ಮತ್ಸರ. ಒಂದು ಗಂಡು ತನ್ನ ಸೀಮೆಯಲ್ಲಿ ನಿಂತ ಕಾರಿಗೆ ತನ್ನ ವಾಸನೆಯನ್ನು ಹಚ್ಚಿರುತ್ತದೆ. ಅದೇ ಕಾರು ಮರುದಿನ ಬೇರೊಂದು ಗಂಡಿನ ಸೀಮೆಯಲ್ಲಿ ನಿಂತರೆ, ಎದುರಾಳಿಯ ವಾಸನೆಗೆ ಕೆರಳಿದ ಆ ಗಂಡು ಸಿಕ್ಕಿದ್ದನ್ನು ಕಚ್ಚುತ್ತದೆ. ಆದುದರಿಂದ ಅಲ್ಲಿ ಎಂಜಿನ್ನನ್ನು ತೊಳೆಯುವುದು ಉಪ್ಪು ಕಳೆಯಲಿಕ್ಕಲ್ಲ, ವಾಸನೆ ಕಳೆಯಲಿಕ್ಕೆ.

ಕಾಡಿನಲ್ಲಿ ಬೇರೊಂದೆಡೆ ಉಪ್ಪಿನ ಗಡ್ಡೆಯಿಟ್ಟು ಪ್ರಾಣಿಗಳನ್ನು ತೃಪ್ತಿಪಡಿಸಬಾರದೆ ಎಂಬ ಯೋಚನೆ ಸಹಜ. ಆದರೆ ಪ್ರವಾಸಿಗಳು ಕಾಡುಪ್ರಾಣಿಗಳಿಗೆ ಏನನ್ನಾದರೂ ಉಣಿಸುವುದಕ್ಕೆ ಈ ಉದ್ಯಾನಗಳಲ್ಲಿ ನಿಷೇಧವಿದೆ. ಪ್ರಾಣಿಗಳು ಒಂದೇ ಕಡೆ ಗುಂಪುಗೂಡಿದರೆ ರೋಗ ಹರಡುತ್ತದೆ. ಮನುಷ್ಯನನ್ನು ಉಪ್ಪಿನ ಮೂಲವೆಂದು ಅರಿತ ಪ್ರಾಣಿ ಅವನಿಗೆ ಅಂಜುವುದನ್ನು ಬಿಡುತ್ತದೆ. ವಾಷಿಂಗ್ಟನ್ ಪ್ರಾಂತದ ಒಲಿಂಪಿಕ್ ಬೆಟ್ಟಗಳಲ್ಲಿ ಸಹಜವಾದ ಉಪ್ಪುನೆಲ ಇಲ್ಲ. ಹೊರಗಿನಿಂದ ತಂದುಬಿಟ್ಟ ಬೆಟ್ಟದ ಆಡುಗಳು ಅಲ್ಲಿ ಚಾರಣಿಗರ ಬೆವರು ಮೂತ್ರಗಳ ಉಪ್ಪಿಗಾಗಿ ಅವರನ್ನೇ ಹಿಂಬಾಲಿಸತೊಡಗಿದವು. ೨೦೧೦ರಲ್ಲಿ ಒಂದು ಆಡು ಇರಿದು ಒಬ್ಬ ಚಾರಣಿಗ ಸತ್ತನು. ಕೊನೆಗೆ ೨೦೧೮ರಿಂದ ೨೦೨೦ರವರೆಗೆ ಮುನ್ನೂರಕ್ಕೂ ಹೆಚ್ಚು ಆಡುಗಳನ್ನು ಬೇರೆ ಪರ್ವತಗಳಿಗೆ ಸಾಗಿಸಬೇಕಾಯಿತು.

ಹೊರಡುವ ಮುನ್ನ

ಬೆಟ್ಟದಿಂದ ಇಳಿದು ಬಂದವರು ಟಾರ್ಪಾಲು ಬಿಚ್ಚಿದೊಡನೆ ಕೀಲಿ ತಿರುಗಿಸಬಾರದು. ಕಾರಿನಡಿಯಲ್ಲಿ ಒದ್ದೆಯಿದೆಯೇ, ರೇಡಿಯೇಟರಿನ ದ್ರವ ಮಟ್ಟದಲ್ಲಿದೆಯೇ, ಕೊಳವೆಗಳ ಮೇಲೆ ಹಲ್ಲಿನ ಗುರುತಿದೆಯೇ ಎಂದು ನೋಡಬೇಕು. ಬ್ರೇಕನ್ನು ನಿಂತಲ್ಲಿಯೇ ಬಲವಾಗಿ ಒತ್ತಿ ಹಿಡಿಯಬೇಕು. ಕಾಲಡಿಯಲ್ಲಿ ಅದು ಮೆಲ್ಲಗೆ ಕುಸಿದರೆ ಕಾರನ್ನು ಕದಲಿಸಬಾರದು.

ಬಾನೆಟ್ಟನ್ನು ಎತ್ತಿ ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಎಂಜಿನ್ನಿನ ಗೂಡಿನಲ್ಲಿ ಮಾರ್ಮೊಟ್ ಇನ್ನೂ ಕುಳಿತಿರಬಹುದು. ಹೀಗೆ ತಿಳಿಯದೆ ಹೊತ್ತೊಯ್ದ ಮಾರ್ಮೊಟ್‌ಗಳು ನೂರಾರು ಕಿಲೋಮೀಟರು ದೂರದ ದಕ್ಷಿಣ ಕ್ಯಾಲಿಫೋರ್ನಿಯದ ಸೆಕೆಯ ನಾಡನ್ನು ತಲುಪಿದ್ದುಂಟು. ಬಳಗದ ಸಿಳ್ಳಿನ ಎಚ್ಚರಿಕೆಯಲ್ಲಿ ಬದುಕುವ, ಎಂಟು ತಿಂಗಳು ತಂಪಾದ ಬಿಲದಲ್ಲಿ ಮಲಗಬೇಕಾದ ಜೀವಕ್ಕೆ ಅದು ಗಡೀಪಾರಿನ ಶಿಕ್ಷೆಯೇ ಸರಿ. ಟಾರ್ಪಾಲು ಕಾರನ್ನು ಕಾಯುವಂತೆ ಮಾರ್ಮೊಟನ್ನೂ ಕಾಯುತ್ತದೆ.

ನಮ್ಮ ನಾಡಿನಲ್ಲಿ ಮಾರ್ಮೊಟಿನ ಕಾಟವಿಲ್ಲ. ಆದರೆ ಮಳೆಗಾಲದಲ್ಲಿ ಶೆಡ್ಡಿನೊಳಗಿನ ಕಾರು, ಸ್ಕೂಟರುಗಳ ತಂತಿಯನ್ನು ಇಲಿ ಹೆಗ್ಗಣಗಳು ಕಡಿಯುವುದು ಮನೆಮನೆಯ ದೂರು. ಅಲ್ಲಿಯೂ ನಾವು ಕೋಲು ಹುಡುಕುವ ಮುನ್ನ ಕಾರಣ ಹುಡುಕಬೇಕು. ಪಕ್ಕದಲ್ಲಿ ಧಾನ್ಯದ ಚೀಲವಿದೆಯೇ? ವಾರಗಟ್ಟಲೆ ಕದಲದ ವಾಹನ ಮಳೆಯಿಂದ ತಪ್ಪಿಸಿಕೊಂಡ ಇಲಿಗೆ ಒಣಗೂಡಾಗಿದೆಯೇ? ಚೀಲವನ್ನು ಸರಿಸಿ, ವಾಹನವನ್ನು ಆಗಾಗ ಓಡಿಸುವುದು ವಿಷವಿಡುವುದಕ್ಕಿಂತ ಒಳ್ಳೆಯ ಮದ್ದು. ಬಂಡೀಪುರದ ಕಾಡಿನಲ್ಲಿ ಆನೆ, ಕಾಟಿಗಳು ಉಪ್ಪುಮಣ್ಣನ್ನು ಅರಸಿ ನೆಕ್ಕುವುದನ್ನು ಕಂಡು ನಾವು ಬೆರಗಾಗುತ್ತೇವೆ. ಕಾರಿನ ಕೊಳವೆಯನ್ನು ಕಡಿಯುವ ಬೆಟ್ಟದ ಮಾರ್ಮೊಟನ್ನು ಕೂಡ ಅಲೆಸುತ್ತಿರುವುದು ಅದೇ ಹಸಿವು. ಬೆಟ್ಟ ಅದರ ಮನೆ. ಅಲ್ಲಿಗೆ ಅತಿಥಿಯಾಗಿ ಹೋದವನು ತನ್ನ ಉಪ್ಪಿನ ಗಂಟನ್ನು ತಾನೇ ಮುಚ್ಚಿಡಬೇಕು.